ಅರಿಶಿನ ನಿಲ್ಲದ ಕಾರ್ಡು

"ಗುರುಗಳೇ, ಹಿರಿಯರಲ್ಲಿ ತಪ್ಪು ಕಂಡರೆ ಕಿರಿಯರು ಹೇಳಬಹುದೇ?"

ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೆ ಶಿಷ್ಯನೊಬ್ಬ ಹೀಗೆ ಕೇಳಿದ. ಕೇಳುವ ಮೊದಲು ಗುರುಗಳ ಪಾದ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಿದ್ದ. ಕೇಳಿದ ಮೇಲೂ ತಲೆ ಎತ್ತಲಿಲ್ಲ. ಚಾಪೆಯ ಅಂಚನ್ನೇ ನೋಡುತ್ತಿದ್ದ.

"ಯಾವ ಹಿರಿಯರು? ಏನು ತಪ್ಪು?" ಎಂದರು ಗುರುಗಳು.

"ಯಾರೂ ಇಲ್ಲ, ಬುದ್ಧಿ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳಿದವನಿಗೆ ಕತೆಯೇ ಸರಿ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಅವನಿಗೆ ನಾವು ಹೆಸರಿಡುವುದು ಬೇಡ, ಅಂಗಡಿಯ ಬೋರ್ಡಿನ ಮೇಲೆ ಅದು ದೊಡ್ಡದಾಗಿಯೇ ಇತ್ತು. ಅವನ ಸೊಸೆಗೆ ಬೇಕಾದರೆ ಒಂದು ಹೆಸರು ಇಟ್ಟುಕೊಳ್ಳೋಣ, ದಾಕ್ಷಾಯಿಣಿ ಅಂತ. ಸೊಸೆಯಂದಿರ ಹೆಸರು ಕೇಳುವವರು ಕಡಿಮೆ. ಆದರೆ ಈ ಕತೆ ನಡೆದದ್ದು ಅವಳ ಗಂಟಲಿನಲ್ಲಿ.

ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವುದು ಆ ಸೀಮೆಯ ವಾಡಿಕೆ. ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಬೇಕು. ನಾಳೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ಮುಯ್ಯಿ ತೀರಿಸಬೇಕಲ್ಲ. ಹೆಸರೇ ಇಲ್ಲದಿದ್ದರೆ ಕೊಟ್ಟು ಹೋದವನಿಗೂ ಬರೀ ಉಂಡು ಹೋದವನಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ವರ್ತಕ ಚಿಕ್ಕ ಉಳಿ, ಚಿಕ್ಕ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಕೊಡುತ್ತಿದ್ದ. ಪಾತ್ರೆ ಸವೆದರೂ ಹೆಸರು ಸವೆಯಬಾರದು ಎಂಬುದು ಅವನ ಮಾತು. ಸುತ್ತಲ ಹಳ್ಳಿಗಳಲ್ಲೆಲ್ಲ ಆ ಮಾತಿಗೆ ಬೆಲೆಯಿತ್ತು. ದಾಕ್ಷಾಯಿಣಿ ಮದುವೆಯಾಗಿ ಬಂದಾಗ ಅವಳು ತವರಿಂದ ತಂದಿದ್ದ ಚೊಂಬಿನ ಮೇಲೂ ಅವಳ ಹೆಸರನ್ನು ಅವನೇ ಕೆತ್ತಿಕೊಟ್ಟಿದ್ದ. ಅದಕ್ಕೇ ಅವಳಿಗೆ ಮಾವನೆಂದರೆ ಪ್ರೀತಿ. ಭಯವೂ ಇತ್ತು ಅನ್ನು.

ವಯಸ್ಸಾಯಿತು. ವರ್ತಕನ ಕೈ ನಡುಗತೊಡಗಿತು. ಅಂಗಡಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಗ, ಗಿಫ್ಟ್ ಕಾರ್ಡು ಮಾಡಿಸೋಣ ಎಂದ. ಈಗ ಒಂದೊಂದು ಮದುವೆಗೂ ಹತ್ತು ಹಾಲಿನ ಪಾತ್ರೆ ಬರುತ್ತವೆ, ಒಂದು ಸೌಟು ಬರುವುದಿಲ್ಲ. ಕಾರ್ಡು ಕೊಟ್ಟರೆ ಅವರೇ ಅಂಗಡಿಗೆ ಬಂದು ಬೇಕಾದ್ದು ಆರಿಸಿಕೊಳ್ಳುತ್ತಾರೆ. ಅವನ ಮಾತಿನಲ್ಲೂ ಹುರುಳಿತ್ತು. ವರ್ತಕ ಒಪ್ಪಿದ. ಆದರೆ ಕಾರ್ಡು ಹೇಗಿರಬೇಕು ಎಂಬುದನ್ನು ತಾನೇ ತೀರ್ಮಾನಿಸುವುದಾಗಿ ಹೇಳಿದ.

ಅವನೇ ಕೂತು ಪೆನ್ಸಿಲಿನಲ್ಲಿ ಗೀಚಿದ. ಒಂದು ಮೂಲೆಯಲ್ಲಿ ಚೊಂಬಿನ ಚಿತ್ರ. ನಡುವೆ ಕೊಟ್ಟವರ ಹೆಸರು ಬರೆಯಲು ಒಂದು ಉದ್ದ ಗೆರೆ. ಅಂಗಡಿಯ ಹೆಸರು ಕೆಳಗೆ, ಸಣ್ಣದಾಗಿ. ಮಗ ಮೇಲೆ ದೇವರ ಚಿತ್ರವಿರಲಿ, ಪಕ್ಕದಲ್ಲಿ ತಾತನ ಫೋಟೊ ಇರಲಿ ಎಂದ. "ಕೊಡೋನು ಇನ್ಯಾರೋ. ನಡುವೆ ನಿಮ್ಮ ತಾತನಿಗೇನು ಕೆಲಸ?" ಎಂದು ವರ್ತಕ ತಳ್ಳಿಹಾಕಿದ.

ಮೊದಲು ಪ್ರೆಸ್ಸಿನಿಂದ ಮಾಮೂಲಿ ಕಾಗದದ ಮೇಲೆ ಕರಡು ಬಂತು. ಮನೆಮಂದಿಯೆಲ್ಲ ಕೂತು ಅಕ್ಷರ ಅಕ್ಷರ ನೋಡಿದರು. ಅಂಗಡಿಯ ಫೋನ್ ನಂಬರಿಗೆ ಅಲ್ಲೇ ಫೋನ್ ಮಾಡಿ, ಗಂಟೆ ಹೊಡೆದದ್ದನ್ನು ಕೇಳಿ ನಕ್ಕರು. ಎಲ್ಲ ಸರಿಯಾಗಿತ್ತು. ವರ್ತಕನಿಗೆ ಮಾತ್ರ ಒಂದು ಕೊರತೆ ಕಂಡಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಹಾಗೆ ಕಾರ್ಡು ಹೊಳೆಯಬೇಕು ಎಂದ. ಪಾತ್ರೆಯವನ ಆಸೆ, ಅದರಲ್ಲಿ ತಪ್ಪೇನಿಲ್ಲ. ಪ್ರೆಸ್ಸಿನವನು ಗಟ್ಟಿ ಕಾರ್ಡಿನ ಮೇಲೆ ಅಚ್ಚು ಹಾಕಿ, ಅದಕ್ಕೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಅಂಟಿಸಿ, ಒಂದೇ ಒಂದು ಮಾದರಿ ಮಾಡಿ ತಾನೇ ತಂದುಕೊಟ್ಟ.

"ಯಜಮಾನ್ರೆ, ಇದು ಇಟ್ಕೊಳ್ಳೋಕಲ್ಲ, ಹಾಳು ಮಾಡೋಕೆ" ಎಂದ ಅವನು. "ಇದರ ಮೇಲೆ ಬರೀರಿ, ಬಗ್ಗಿಸಿ, ಜೇಬಲ್ಲಿಟ್ಟು ತಿರುಗಾಡಿ. ಏನಿದ್ರೂ ಈಗ್ಲೇ ಹೇಳ್ಬಿಡಿ. ಮಿಷನ್ ಮೇಲೆ ಹೋದ್ಮೇಲೆ ನನ್ನ ಕೈಲಿಲ್ಲ."

ದಾಕ್ಷಾಯಿಣಿ ಕಾಫಿ ಲೋಟ ಇಡುತ್ತಾ ಇದನ್ನು ಕೇಳಿಸಿಕೊಂಡಳು. ಉಳಿದವರು ಕಾರ್ಡಿನ ಹೊಳಪಿನಲ್ಲಿ ತಮ್ಮ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು.

ಈಗ ಆ ಮುದುಕನ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನೂ ಹೇಳಬೇಕು. ಅವನಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡಾಗ ಅವಳು ತಾಯಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯನ್ನು ಕೇಳಿದ್ದಳು. ಅವನು, ಹಂಡೆ ಮನೆಯಲ್ಲೇ ಇರಲಿ ಎಂದಿದ್ದ. ಅಷ್ಟಕ್ಕೇ ಮಾತು ಬಿಟ್ಟುಹೋಯಿತು. ಅಂಗಡಿಯ ತುಂಬ ಹಂಡೆಗಳಿದ್ದವನಿಗೆ ಒಂದು ಹಂಡೆ ಕೊಡಲು ಕೈ ಬರಲಿಲ್ಲ. ಮನೆಯ ತುಂಬ ಪಾತ್ರೆಯಿದ್ದವಳಿಗೆ ಆ ಒಂದು ಹಂಡೆಯೇ ಬೇಕಾಯಿತು. ಅಣ್ಣತಂಗಿಯರ ಜಗಳವೇ ಹಾಗೆ. ಈಗ ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಯಾರದೋ ಕೈಯಲ್ಲಿ ಬಂದಿತ್ತು. ತಂಗಿ ತಾನಾಗಿ ಬಂದು ಕುಂಕುಮ ಇಟ್ಟು ಕರೆದಿರಲಿಲ್ಲ.

ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅದು ಅವನ ಹಕ್ಕು, ಅದಕ್ಕಿಂತ ಹೆಚ್ಚಾಗಿ ಅವನ ಆಸೆ. ಕರೆಯದೆ ಹೋಗಲು ಮಾನ ಬಿಡದು, ಹೋಗದೆ ಇರಲು ಕರುಳು ಬಿಡದು. ಆದ್ದರಿಂದ ಅವನು ಒಂದು ದಾರಿ ಹುಡುಕಿದ್ದ. ಹೊಸ ಕಾರ್ಡಿನಲ್ಲಿ ಮೊದಲನೆಯದರ ಮೇಲೆ ತನ್ನ ಕೈಯಾರೆ ಹೆಸರು ಬರೆದು ಚಪ್ಪರದ ದಿನಕ್ಕೆ ಮುಟ್ಟುವಂತೆ ತಂಗಿಗೆ ಕಳಿಸುವುದು. ಅಣ್ಣನ ಹೆಸರು ಕಂಡರೆ ತಂಗಿ ಹೇಳಿಕಳಿಸುತ್ತಾಳೆ. ಹೇಳಿಕಳಿಸಿದರೆ ಹೋಗುವುದು. ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಆಗುತ್ತಿತ್ತು. ಆದರೆ ಮುನಿಸಿಕೊಂಡವರಿಗೆ ಹತ್ತಿರದ ದಾರಿ ಕಾಣುವುದಿಲ್ಲ.

ಮಾದರಿ ಕಾರ್ಡು ಬಂದ ಮರುದಿನ ಶುಕ್ರವಾರ. ಹೊಸದು ಏನೇ ಬಂದರೂ ದೇವರ ಮುಂದೆ ಇಟ್ಟೇ ಮುಂದಿನ ಕೆಲಸ ಎಂದಳು ಅತ್ತೆ. ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಕೆಲಸ ದಾಕ್ಷಾಯಿಣಿಯ ಪಾಲಿಗೆ ಬಂತು. ಲಗ್ನಪತ್ರಿಕೆಗಳಿಗೆ ಎಷ್ಟೋ ಸಲ ಹಚ್ಚಿದ ಕೈ ಅದು. ಬೆರಳಲ್ಲಿ ಒತ್ತಿದ ಅರಿಶಿನವನ್ನು ಕಾಗದ ಹೀರಿಕೊಳ್ಳುವುದು ಅವಳಿಗೆ ಗೊತ್ತು. ಇಲ್ಲಿ ಹೀರಲಿಲ್ಲ. ಹಚ್ಚಿದ್ದು ಹನಿಹನಿಯಾಗಿ ಮುದುಡಿ ಜಾರಿತು. ಇನ್ನಷ್ಟು ಗಟ್ಟಿಯಾಗಿ ಕಲಸಿ ಹಚ್ಚಿದಳು. ಹೇಗೋ ಕೂತಿತು.

ಮಂಗಳಾರತಿ ಆಯಿತು. ವರ್ತಕ ಕಾರ್ಡನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನುತ್ತಾರಲ್ಲ. ಅತ್ತೆ ಒತ್ತಿಕೊಂಡಳು, ಮಗ ಒತ್ತಿಕೊಂಡ, ಅಂಗಡಿಯ ಆಳುಗಳೂ ಕೈ ತೊಳೆದು ಬಂದು ಒತ್ತಿಕೊಂಡರು. ಕಣ್ಣಿಗೆ ಒತ್ತಿಕೊಂಡ ವಸ್ತುವನ್ನು ನೋಡಲು ಆಗುವುದಿಲ್ಲ, ಆ ಹೊತ್ತಿನಲ್ಲಿ ಕಣ್ಣು ಮುಚ್ಚಿರುತ್ತದೆ.

ಕಾರ್ಡು ತಿರುಗಿ ದಾಕ್ಷಾಯಿಣಿಯ ಕೈಗೆ ಬಂದಾಗ ಒಂದು ಮೂಲೆಯ ಅರಿಶಿನ ಒಣಗಿತ್ತು. ಅವಳ ಉಗುರು ತಾಗಿತು. ಅರಿಶಿನ ಇಡಿಯಾಗಿ ಚಕ್ಕೆಯ ಹಾಗೆ ಎದ್ದು ಬಂತು. ಅದರ ಅಡಿಯಲ್ಲಿ ಒಂದು ಕಲೆಯೂ ಇರಲಿಲ್ಲ.

ಅರಿಶಿನವೇ ನಿಲ್ಲದ ಮೇಲೆ ಶಾಯಿ ನಿಲ್ಲುತ್ತದೆಯೇ?

ಅವಳಿಗೆ ಹೊಳೆದದ್ದು ಇಷ್ಟೆ. ಟಿವಿಯ ಮೇಲಿದ್ದ ಪೆನ್ನು ತೆಗೆದುಕೊಂಡಳು. ಗೆರೆಯ ಮೇಲೆ ಇಡಲು ಹೋದಳು. ಒಂದು ಅಕ್ಷರ ಬರೆದು ಬೆರಳಲ್ಲಿ ಒರೆಸಿದ್ದರೆ ತಿಳಿದುಹೋಗುತ್ತಿತ್ತು. ಪ್ರೆಸ್ಸಿನವನು ಹಾಳು ಮಾಡಿ ಎಂದೇ ಹೇಳಿದ್ದ. ಆದರೆ ಈಗ ಅದು ಪ್ರೆಸ್ಸಿನವನ ಮಾದರಿಯಾಗಿ ಉಳಿದಿರಲಿಲ್ಲ, ಪೂಜೆಯಾದ ವಸ್ತುವಾಗಿತ್ತು. ಹಿರಿಯರು ಕಣ್ಣಿಗೆ ಒತ್ತಿಕೊಂಡದ್ದರ ಮೇಲೆ ಗೀಚುವುದು ಹೇಗೆ? ಅವಳು ಪೆನ್ನನ್ನು ಇದ್ದಲ್ಲೇ ಇಟ್ಟಳು.

ಹೇಳಿಯಾದರೂ ನೋಡೋಣ ಎಂದು ಹಜಾರಕ್ಕೆ ಬಂದಳು. ಅಲ್ಲಿ ವರ್ತಕ ಹೆಂಡತಿಗೆ ಹೇಳುತ್ತಿದ್ದ. "ಮೊದಲ್ನೇ ಕಾರ್ಡು ತಂಗಿ ಮನೆಗೆ. ಹೆಸರು ನಾನೇ ಬರೀತೀನಿ. ಅವಳು ನೋಡಿದ ತಕ್ಷಣ ಕರೀತಾಳೆ ನೋಡು." ಆ ಮನೆಗೆ ಬಂದ ಮೇಲೆ ಮಾವನ ಬಾಯಲ್ಲಿ ತಂಗಿ ಎಂಬ ಮಾತನ್ನು ದಾಕ್ಷಾಯಿಣಿ ಕೇಳಿದ್ದು ಅದೇ ಮೊದಲು. ಮುದುಕನ ಮುಖ ಅರಳಿತ್ತು.

"ಮಾವ, ಅರಿಶಿನ..." ಎಂದಳು. "ಕಾರ್ಡಿನ ಮೇಲೆ ಹಚ್ಚಿದ ಅರಿಶಿನ ನಿಲ್ತಾ ಇಲ್ಲ."

ಅತ್ತೆ ಕಣ್ಣು ಬಿಟ್ಟಳು. "ಶುಭದ ಹೊತ್ತಲ್ಲಿ ಅರಿಶಿನ ಜಾರಿತು ಅಂತ ಬಾಯಿ ಬಿಟ್ಟು ಹೇಳ್ತಾರೇನೇ? ಒಳಗೆ ಹೋಗು, ಹಾಲು ಉಕ್ಕುತ್ತೆ."

ನೋಡು, ಅವಳು ಹೇಳಿದ್ದು ಪ್ಲಾಸ್ಟಿಕ್ಕಿನ ವಿಷಯ. ಅತ್ತೆಗೆ ಕೇಳಿಸಿದ್ದು ಅಪಶಕುನ. ಇನ್ನೊಂದು ಮಾತು ಆಡಿದ್ದರೆ ವಿಷಯ ತಿಳಿಯಾಗುತ್ತಿತ್ತು. ಆದರೆ ಆ ಇನ್ನೊಂದು ಮಾತಿಗೆ ಧೈರ್ಯ ಬೇಕಿತ್ತು. ತಂಗಿಯ ಮನೆಯ ಮದುವೆಗೆ ಏನಾದರೂ ಹೆಚ್ಚುಕಮ್ಮಿಯಾದರೆ ಆ ಸೊಸೆ ಅವತ್ತೇ ಅಂದಿದ್ದಳು ಎಂದು ಜೀವಮಾನವಿಡೀ ಅನ್ನಿಸಿಕೊಳ್ಳಬೇಕು. ಹಾಲೇನೂ ಉಕ್ಕುತ್ತಿರಲಿಲ್ಲ. ಆದರೂ ಅವಳು ಒಳಗೆ ಹೋದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ತನಗೆ ತಾನೇ ಹೇಳಿಕೊಂಡಳು. ಆ ಬಂಗಾರ ಆ ಮನೆಗೆ ಬಹಳ ತುಟ್ಟಿಯಾಯಿತು.

ವರ್ತಕ ಮಾದರಿಗೆ ಒಪ್ಪಿಗೆ ಕೊಟ್ಟ. ಕಾರ್ಡುಗಳು ಕಟ್ಟು ಕಟ್ಟಾಗಿ ಅಚ್ಚಾಗಿ ಬಂದವು. ಅವನು ಮೊದಲ ಕಾರ್ಡನ್ನು ತೆಗೆದು, ತನ್ನ ಹಳೆಯ ಇಂಕ್ ಪೆನ್ನಿನಲ್ಲಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ನಿಧಾನವಾಗಿ ಹೆಸರು ಬರೆದ. ಅದರ ಮುಂದೆ 'ನಿನ್ನ ಅಣ್ಣ' ಎಂದೂ ಬರೆದ. ಊದಿದ. ಶಾಯಿ ಮೇಲೆಯೇ ಹಸಿಯಾಗಿ ನಿಂತದ್ದು ದಾಕ್ಷಾಯಿಣಿಗೆ ಕಂಡಿತು. ಅವಳು ಪಕ್ಕದಲ್ಲೇ ಇದ್ದಳು. ಆದರೆ ಈಗ ಅಷ್ಟೂ ಕಾರ್ಡು ಅಚ್ಚಾಗಿ ಬಂದಿತ್ತು. ಒಂದು ಸಲ ನುಂಗಿದ ಮಾತು ಎರಡನೆಯ ಸಲ ತಾನಾಗಿಯೇ ಒಳಕ್ಕೆ ಇಳಿಯುತ್ತದೆ. ವರ್ತಕ ಕಾರ್ಡನ್ನು ಕವರಿಗೆ ಹಾಕಿ, ಆ ಮದುವೆಗೆ ಹೊರಟಿದ್ದ ಪರಿಚಿತನೊಬ್ಬನ ಕೈಗೆ ಕೊಟ್ಟ. ಅವನು ಚಪ್ಪರದ ಗದ್ದಲದಲ್ಲಿ ಅದನ್ನು ಯಾರದೋ ಕೈಗಿತ್ತು ಊಟಕ್ಕೆ ಕೂತ.

ಮದುವೆಯ ದಿನ ವರ್ತಕ ಬೆಳಿಗ್ಗೆಯೇ ಸ್ನಾನ ಮಾಡಿ, ಜರಿಯಂಚಿನ ಪಂಚೆ ಉಟ್ಟು, ಪೇಟ ಕಟ್ಟಿಕೊಂಡು ಹಜಾರದಲ್ಲಿ ಕೂತ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ತಿಂಡಿಗೆ ಕರೆದರೆ, ಅಲ್ಲೇ ತಿಂದರಾಯಿತು ಎಂದ. ಮುಹೂರ್ತ ಕಳೆಯಿತು. ಅವನು ಪೇಟ ಬಿಚ್ಚಿ ಗೂಟಕ್ಕೆ ಹಾಕಿದ. "ಅವಳು ನನ್ನ ಹೆಸರು ನೋಡಿಯೂ ಕರೀಲಿಲ್ಲ" ಎಂದ. ಅಡುಗೆಮನೆಯಲ್ಲಿ ದಾಕ್ಷಾಯಿಣಿ ಬಡಿಸಿಕೊಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಅಳು ಬಂತು, ಯಾಕೆಂದು ಯಾರಿಗೂ ಹೇಳುವಂತಿರಲಿಲ್ಲ.

ಮದುವೆ ಮುಗಿದ ಕೆಲವು ದಿನಕ್ಕೆ ಮದುಮಗಳು ಗಂಡನ ಜೊತೆ ಅಂಗಡಿಗೆ ಬಂದಳು. ಉಡುಗೊರೆ ಬಂದ ಕಾರ್ಡುಗಳಿಗೆ ಪಾತ್ರೆ ಆರಿಸಿಕೊಳ್ಳಬೇಕಿತ್ತು. ದಾಕ್ಷಾಯಿಣಿ ಅವತ್ತು ಮಾವನಿಗೆ ಊಟದ ಡಬ್ಬಿ ತಂದಿದ್ದಳು. ಹುಡುಗಿ ಕಾರ್ಡುಗಳನ್ನು ಮೇಜಿನ ಮೇಲೆ ಹರವಿದಳು. ಆ ಕಡೆಯವರೂ ಈ ಕಡೆಯವರೂ ಇದೇ ಅಂಗಡಿಯಲ್ಲಿ ಕೊಂಡಿದ್ದರು. ಎಲ್ಲ ಕಾರ್ಡುಗಳೂ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದವು. ಒಂದರ ಮೇಲೂ ಹೆಸರಿರಲಿಲ್ಲ. ಗೆರೆಯಿದ್ದ ಕಡೆ ಕವರಿಗೆ ಉಜ್ಜಿದ ನೀಲಿ ಕೊಳೆ ಮಾತ್ರ ಇತ್ತು.

ವರ್ತಕ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಮೊದಲಿಂದ ನೋಡಿದ. ತನ್ನ ಅಂಗಡಿಯಲ್ಲಿ, ತನ್ನದೇ ಕಾರ್ಡುಗಳಲ್ಲಿ, ತಾನು ಕೊಟ್ಟದ್ದು ಯಾವುದು ಎಂದು ಅವನಿಗೇ ತಿಳಿಯಲಿಲ್ಲ.

"ಇದರಲ್ಲಿ ನಂದು ಯಾವುದು?" ಎಂದ.

"ನಿಮ್ಮದು ಬಂದಿರಲಿಲ್ಲ, ಮಾವ" ಎಂದಳು ಹುಡುಗಿ. "ಅಮ್ಮ ಎಲ್ಲ ಕವರೂ ಬಿಚ್ಚಿ ಹುಡುಕಿದ್ಳು. ಹೆಸರಿಲ್ಲದ್ದು ಯಾವ್ದಾದ್ರೂ ಒಂದು ನಿಮ್ಮಣ್ಣಂದೇ ಇರ್ಬಹುದಲ್ಲ ಅಂತ ಅಪ್ಪ ಅಂದ್ರು. ನಮ್ಮಣ್ಣ ಹೆಸರಿಲ್ಲದೆ ಕೊಡೋನಲ್ಲ, ಇದರಲ್ಲಿ ಅವನದು ಯಾವುದೂ ಇಲ್ಲ ಅಂತ ಅಮ್ಮ ಕೂತು ಅತ್ಲು. ನನ್ನನ್ನ ಮಂಟಪಕ್ಕೆ ಅಪ್ಪನ ಕಡೆ ಯಾರೋ ದೊಡ್ಡೋರು ಕರ್ಕೊಂಡು ಹೋದ್ರು."

ಪಾತ್ರೆ ಸವೆದರೂ ಹೆಸರು ಸವೆಯಬಾರದು ಎಂಬ ಅಣ್ಣನ ಮಾತನ್ನು ತಂಗಿ ನಂಬಿದ್ದಳು. ಅಷ್ಟು ವರ್ಷ ಮಾತು ಬಿಟ್ಟಿದ್ದರೂ ಆ ನಂಬಿಕೆಯನ್ನು ಬಿಟ್ಟಿರಲಿಲ್ಲ. ಆ ನಂಬಿಕೆಯೇ ಅವಳಿಗೆ ಸುಳ್ಳು ಹೇಳಿತು.

ವರ್ತಕ ಮಗನ ಕಡೆ ತಿರುಗಿದ. "ಅಚ್ಚಿಗೆ ಮುಂಚೆ ಇಷ್ಟು ಜನ ಇದ್ವಿ. ಒಬ್ರೂ ನೋಡ್ಲಿಲ್ವೇನೋ?"

ದಾಕ್ಷಾಯಿಣಿ ಡಬ್ಬಿ ಕೆಳಗಿಟ್ಟಳು.

"ನಾನು ನೋಡಿದ್ದೆ, ಮಾವ. ಅರಿಶಿನ ಎದ್ದು ಬಂದಾಗ್ಲೇ ಗೊತ್ತಾಗಿತ್ತು, ಶಾಯಿ ನಿಲ್ಲಲ್ಲ ಅಂತ."

"ಯಾಕಮ್ಮ ಹೇಳ್ಲಿಲ್ಲ?"

"ನೀವು ಕಣ್ಣಿಗೆ ಒತ್ತಿಕೊಂಡಿದ್ರಿ."

ಮುದುಕ ಕೈಲಿದ್ದ ಕಾರ್ಡನ್ನು ಮೇಜಿನ ಮೇಲೆ ಇಟ್ಟ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಕೈ ಮುಗಿಯೋಕೆ ನಾವಿಷ್ಟು ಜನ ಸಾಕಾಗಿತ್ತಲ್ಲಮ್ಮ. ನೋಡೋಕೆ ನೀನು ಬೇಕಾಗಿತ್ತು" ಎಂದ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎನ್ನುತ್ತಾರೆ. ಆ ಮನೆಯಲ್ಲಿ ಅದು ನಿಜವಾಗಿಯೂ ಉಗುರಲ್ಲೇ ಹೋಗುತ್ತಿತ್ತು. ವರ್ತಕ ಆ ಸಂಜೆಯೇ ಮನೆಗೆ ಬಂದು, ಬಚ್ಚಲಮನೆಯಿಂದ ತಾಯಿಯ ತಾಮ್ರದ ಹಂಡೆಯನ್ನು ತೆಗೆಸಿ, ಆಟೋದಲ್ಲಿ ಇಟ್ಟುಕೊಂಡು ತಂಗಿಯ ಊರಿಗೆ ಹೊರಟ. ಜೊತೆಗೆ ದಾಕ್ಷಾಯಿಣಿಯನ್ನೇ ಕರೆದುಕೊಂಡ. ದಾರಿಯುದ್ದಕ್ಕೂ ಹಂಡೆಯನ್ನು ಹಿಡಿದುಕೊಂಡವಳು ಅವಳೇ.

ಗುರುಗಳು ನಿಲ್ಲಿಸಿದರು. ಮಠದ ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದರು.

"ತಂಗಿ ಬಾಗಿಲು ತೆಗೆದಳೇ, ಬುದ್ಧಿ?" ಎಂದು ಶಿಷ್ಯ ಕೇಳಿದ.

"ತೆಗೆದಳು. ಹಂಡೆ ಒಳಗೆ ಹೋಯಿತು. ಅಣ್ಣ ತಂಗಿ ಇಬ್ಬರೂ ಅತ್ತರು, ಊಟ ಮಾಡಿದರು. ಆದರೆ ಆ ಹುಡುಗಿಯನ್ನು ಮಂಟಪಕ್ಕೆ ಇನ್ನೊಂದು ಸಲ ಕರೆತರಲು ಆಗುತ್ತದೆಯೇ?"

ಶಿಷ್ಯ ಎದೆಯ ಮೇಲಿನ ಭಾರ ಇಳಿದವನ ಹಾಗೆ ಉಸಿರು ಬಿಟ್ಟ. "ಹಾಗಾದರೆ ಹಿರಿಯರಲ್ಲಿ ತಪ್ಪು ಕಂಡರೆ ಹೇಳಬಹುದು. ತಿಳಿಯಿತು, ಬುದ್ಧಿ" ಎಂದು ಏಳುವ ಮೊದಲು ಮತ್ತೆ ಪಾದ ಮುಟ್ಟಲು ಬಗ್ಗಿದ.

ಗುರುಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಶಿಷ್ಯ ಬಗ್ಗಿದಲ್ಲಿಯೇ ನಿಂತ. ಗುರುಗಳು ಹೇಳಿದ್ದು ಇಷ್ಟೇ:

"ಪಾದ ಬಿಡು, ಮುಖ ನೋಡಿ ಹೇಳು, ನನ್ನಲ್ಲಿ ನೀನು ಕಂಡ ತಪ್ಪು ಯಾವುದು?"